ಮೆಲಿನ್ನೊ ಎತ್ತಿದ ಬಂಡೆ

ಥಾಸೋಸ್ ದ್ವೀಪದಲ್ಲಿ ಆಲಿವ್ ಗಾಣದ ಮೆಲಿನ್ನೊ ಎಂದರೆ ಎಲ್ಲರಿಗೂ ಗೊತ್ತು. ಗಂಡ ಕಡಲಪಾಲಾದ ಮೇಲೆ ಗಾಣದ ತೊಲೆಯನ್ನು ಒಬ್ಬಳೇ ಒತ್ತಿ, ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳು. ತುಂಬಿದ ಎಣ್ಣೆಗಡಿಗೆಗಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು, ಹಾಡು ಹೇಳುತ್ತಾ ಬಂದರಿಗೆ ಇಳಿಯುವಳು.

ಬಂಡೆ ಸಾಗಿಸುವ ಸ್ಕಿಮ್ನೊಸ್‌ಗೆ ಅವಳನ್ನು ಕಂಡರೆ ನಾಲಿಗೆ ನವೆ. "ಏನಮ್ಮಾ ಹೆರಾಕ್ಲೀಸ್, ಇವತ್ತು ಯಾವ ಸಿಂಹ ಕೊಂದೆ?" ಅನ್ನುವನು.

"ಸಿಂಹ ಸಿಗಲಿಲ್ಲ ಕಣಪ್ಪಾ. ದಾರೀಲಿ ಬರೀ ಕತ್ತೆ ಅರಚ್ತಿತ್ತು" ಎಂದು ಅವಳು ನಿಲ್ಲದೆ ನಡೆಯುವಳು.

ಬರಿಗೈಲಿ ಸಿಂಹ ಕೊಂದು, ಆಕಾಶವನ್ನೇ ಹೆಗಲ ಮೇಲೆ ಹೊತ್ತ ಹೆರಾಕ್ಲೀಸ್ ಆ ಊರನ್ನು ಕಾಯುವ ದೇವರು. ಆದರೆ ಅವನ ಗುಡಿಯಂಗಳಕ್ಕೆ ಹೆಂಗಸರು ಕಾಲಿಡುವಂತಿಲ್ಲ, ಅವನಿಗೆ ಕಡಿದ ಎತ್ತಿನ ಮಾಂಸದಲ್ಲಿ ಅವರಿಗೆ ಪಾಲಿಲ್ಲ. ಒಂದು ವರ್ಷ ಅವನ ಹಬ್ಬದ ದಿನ ಗಂಡಸರೆಲ್ಲ ಗುಡಿಯಲ್ಲಿದ್ದರು. ಹಡಗು ಕಾಯುತ್ತಿದೆ ಎಂದು ಸ್ಕಿಮ್ನೊಸ್ ಒಬ್ಬನೇ ಅಮೃತಶಿಲೆಯ ಬಂಡೆಯನ್ನು ಜಾರುಗಾಡಿಗೆ ಬಿಗಿದು ಗುಡ್ಡ ಇಳಿಸತೊಡಗಿದ. ಹಗ್ಗ ಹರಿಯಿತು. ಬಂಡೆ ಜಾರಿ ಬಂದು ಅವನ ಕಾಲನ್ನು ದಾರಿಬದಿಯ ಗೋಡೆಗೆ ಒತ್ತಿ ನಿಂತಿತು.

ಬುಗ್ಗೆಯ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಓಡಿಬಂದರು. ಎಲ್ಲರಿಗಿಂತ ಮುಂದೆ ಮೆಲಿನ್ನೊ.

"ಗಂಡಸರನ್ನ ಕರೀರೇ" ಎಂದು ಸ್ಕಿಮ್ನೊಸ್ ನರಳಿದ.

"ಅವರು ಹಾಡು ಮುಗಿಸಿ ಬರೋಷ್ಟರಲ್ಲಿ ನಿನ್ನ ಕಾಲು ಹಿಟ್ಟಾಗಿರತ್ತೆ. ಹಲ್ಲು ಕಚ್ಕೊಂಡಿರು."

ಗಾಡಿಯ ಸನ್ನೆಗೋಲನ್ನು ಬಂಡೆಯಡಿ ತೂರಿಸಿ ಅದಕ್ಕೆ ಹೆಗಲು ಕೊಟ್ಟಳು. ಕತ್ತಿನ ನರ ಉಬ್ಬಿದವು. ಬಂಡೆ ಕದಲಿತು, ಗೇಣುದ್ದ ಎದ್ದಿತು. ನೆರೆಮನೆಯ ಗ್ಲೂಕೆ ಸಂದಿಗೆ ಕಲ್ಲು ತುರುಕಿದಳು. ಉಳಿದವರು ಅವನ ತೋಳು ಹಿಡಿದು ಎಳೆದುಹಾಕಿದರು. ಕಾಲು ಮುರಿದಿತ್ತು, ಆದರೆ ಉಳಿಯಿತು.

ಸಂಜೆ ಪೂಜಾರಿ ಲೆಯೊಫಂತೋಸ್ ಮೇಲುಹೊದಿಕೆಯಲ್ಲಿ ಏನೋ ಮರೆಮಾಡಿಕೊಂಡು ಅವಳ ಬಾಗಿಲಿಗೆ ಬಂದ. "ಎತ್ತಿನ ತೊಡೆ. ಯಾರಿಗೂ ಹೇಳ್ಬೇಡ, ಕದ ಹಾಕ್ಕೊಂಡು ತಿನ್ನು."

"ಕದ್ದು ತಿನ್ನೋಕೆ ನಾನೇನು ಬೆಕ್ಕಾ? ಕೊಡೋದಾದ್ರೆ ಹಗಲಲ್ಲಿ, ಎಲ್ಲರೆದುರು ಕೊಡು. ಕೈಹಾಕಿದ ಅಷ್ಟೂ ಜನಕ್ಕೆ ಕೊಡು."

"ದೇವರಿಗೆ ಸಿಟ್ಟು ಬಂದ್ರೆ ಯಾರು ಹೊಣೆ?"

"ಅವನ ಜೀವಮಾನವೆಲ್ಲ ಭಾರ ಹೊರೋದ್ರಲ್ಲೇ ಹೋಯ್ತು. ಹೊತ್ತವರ ಹಸಿವು ಅವನಿಗೆ ಗೊತ್ತಿರತ್ತೆ, ನಿನಗೆ ಗೊತ್ತಿಲ್ಲ ಅಷ್ಟೆ."

ಪೂಜಾರಿ ಮಾಂಸದ ಸಮೇತ ವಾಪಸಾದ. ವಿಷಯ ಊರಿನ ಸಭೆಗೆ ಹೋಗಿ ಚಳಿಗಾಲವೆಲ್ಲ ಎಳೆದಾಡಿತು. ಕೊನೆಗೆ ಸ್ಕಿಮ್ನೊಸ್ ಕೋಲೂರಿಕೊಂಡು ಎದ್ದು, "ನನ್ನ ಕಾಲು ಉಳಿಸಿದ ಕೈಗೆ ಒಂದು ತುಂಡು ಮಾಂಸ ಕೊಡಕ್ಕಾಗದಿದ್ರೆ ನಾನೂ ಇನ್ನು ಆ ಅಂಗಳಕ್ಕೆ ಬರಲ್ಲ" ಅಂದ. ಅವನ ಹಿಂದೆ ಬಂಡೆ ಸಾಗಿಸುವವರೆಲ್ಲ ಎದ್ದು ನಿಂತರು.

ಗುಡಿಯ ನಿಯಮ ಬದಲಾಗಲಿಲ್ಲ. ಆದರೆ ಮುಂದಿನ ಹಬ್ಬಕ್ಕೆ ಬಂದರಿನ ಬಯಲಲ್ಲಿ, ಅದೇ ದೇವರ ಹೆಸರಲ್ಲಿ, ಹೆಂಗಸರಿಗೆಂದೇ ಬೇರೆ ಎತ್ತು ಕಡಿದರು. ಮೊದಲ ತುಂಡು ಮೆಲಿನ್ನೊಳದು. ಅವಳು ನಿಧಾನವಾಗಿ ಅಗಿದು, ಉಪ್ಪು ಸಾಲದು ಅಂದಳು.

ಆಮೇಲೆ ಸ್ಕಿಮ್ನೊಸ್‌ಗೆ ಗುಡ್ಡ ಹತ್ತಲಾಗಲಿಲ್ಲ. ಕೆಲಸ ಕೇಳಿಕೊಂಡು ಗಾಣಕ್ಕೆ ಬಂದ.

"ಭಾರದ ಕೆಲಸ ನನಗಿರ್ಲಿ. ನೀನು ಕೂತು ಕಾಯಿ ಆರಿಸು" ಅಂದಳು ಮೆಲಿನ್ನೊ.