ಅವಳಿಗೆ ಹೆಣ, ನನಗೆ ಕೋಟು

ನನಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಊರಿನಲ್ಲಿ ಹೇಳುತ್ತಾರೆ. ಹೌದು, ಜಾಸ್ತಿಯೇ. ಆದರೆ ಕಂಡಕಂಡವರ ಮೇಲೆಲ್ಲ ಇಲ್ಲ, ಒಬ್ಬಳ ಮೇಲೆ ಮಾತ್ರ. ನಮ್ಮ ಗದ್ದೆಯ ಬದಿಗೆ ಹರಿಯುವ ತೋಡಿನ ಆಚೆ ಮನೆಯವಳ ಮೇಲೆ. ನನಗಿಂತ ಮೂರು ವರ್ಷ ಚಿಕ್ಕವಳು, ಈಗಲೂ ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ.

ನನ್ನ ಗಂಡ, ಅವಳ ಗಂಡ ಇಬ್ಬರೂ ಒಂದೇ ದಿನ ಮಡಿಕೇರಿಯಲ್ಲಿ ಎದೆ ಅಳತೆ ಕೊಟ್ಟು ಮಿಲಿಟರಿ ಸೇರಿದವರು. ಒಂದೇ ಪಲ್ಟನ್. ಇಬ್ಬರನ್ನೂ ಒಂದೇ ಹಿಮದ ಬೆಟ್ಟಕ್ಕೆ ಕಾವಲಿಗೆ ಕಳಿಸಿದರು. ಒಂದು ದಿನ ಬೆಳಗಿನ ಜಾವ ಹಿಮ ಜಾರಿ ಇಬ್ಬರೂ ಅದರಡಿಗೆ ಹೋದರು. ಎರಡು ಮನೆಗೂ ಒಂದೇ ತರದ ತಂತಿ ಬಂತು, ಕಾಣೆಯಾಗಿದ್ದಾರೆ ಎಂದು. ಆಗ ನಾನು ಐದು ತಿಂಗಳ ಬಸುರಿ. ಅವಳಿಗೆ ಮದುವೆಯಾಗಿ ಮೂರು ತಿಂಗಳು.

ನಮ್ಮಲ್ಲಿ ಸಾವಾದ ಮನೆಯ ಅಂಗಳದಲ್ಲಿ ಕೋವಿಯಿಂದ ಜೋಡಿ ಗುಂಡು ಹೊಡೆಯುತ್ತಾರೆ. ಅದು ಕೇಳಿದರೆ ಊರಿನವರು ಮಾಡುತ್ತಿದ್ದ ಕೆಲಸ ಬಿಟ್ಟು ಬರುತ್ತಾರೆ. ಆಚೆ ಮನೆಯಲ್ಲಿ ತಂತಿ ಬಂದ ವಾರಕ್ಕೇ ಹೊಡೆದರು. ನಮ್ಮ ಮಾವನೂ ಕೋವಿ ಇಳಿಸಿದರು. ನಾನು ಕೋವಿಯ ತೋಟೆಗಳನ್ನು ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆಮನೆಯಲ್ಲಿ ಕೂತೆ. ಕಾಣೆ ಅಂದರೆ ಸತ್ತ ಅಂತ ಅಲ್ಲ, ಹುಡುಕುತ್ತಾ ಇದ್ದಾರೆ ಅಂತ, ಎಂದೆ. ನಾನು ಓದಿದ್ದು ಎರಡನೇ ಕ್ಲಾಸು. ಆ ತಂತಿಯಲ್ಲಿ ನನಗೆ ಬೇಕಾದದ್ದು ಆ ಒಂದು ಶಬ್ದ, ಅದನ್ನು ಬಿಡಲಿಲ್ಲ.

ಗುಂಡು ಹೊಡೆಯದೆ ಸೂತಕ ಇಲ್ಲ, ಸೂತಕ ಇಲ್ಲದೆ ತಿಥಿ ಇಲ್ಲ. ತಿಥಿ ಆಗದವನಿಗೆ ಹಿರಿಯರ ಸಾಲಿನಲ್ಲಿ ಎಲೆ ಇಲ್ಲ. ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಕೋಳಿ, ಮೀನು, ಮಿಲಿಟರಿ ಕ್ಯಾಂಟೀನಿನ ರಮ್ಮು ಇಟ್ಟು ಕೈ ಮುಗಿಯುತ್ತೇವೆ. ಕುಡಿದು ಕೆರೆಗೆ ಬಿದ್ದ ದೊಡ್ಡಮಾವನಿಗೂ ಎಲೆ ಇತ್ತು. ನನ್ನ ಗಂಡನ ಹೆಸರಿನ ಕಾರ್ಡಿನಲ್ಲಿ ತಂದ ರಮ್ಮು ಅವರಿಗೆಲ್ಲ, ಅವನಿಗೆ ಮಾತ್ರ ಇಲ್ಲ. ನನ್ನ ಹಟವೇ ಕಾರಣ, ಬೇರೆ ಯಾರನ್ನೂ ದೂರುವ ಹಾಗಿಲ್ಲ. ಅವನ ಒಂದು ಮೂಳೆಯಾದರೂ ಬರಲಿ, ಆಮೇಲೆ ಎಲೆ ಹಾಕೋಣ ಎಂದು ಹೇಳುತ್ತಲೇ ನಾನು ಮುದುಕಿಯಾದೆ.

ಏಳು ವರ್ಷ ಕಳೆದ ಮೇಲೆ ಸರ್ಕಾರವೇ ಇಬ್ಬರೂ ಸತ್ತರೆಂದು ಕಾಗದ ಕೊಟ್ಟು ಪೆನ್ಶನ್ ಪಕ್ಕಾ ಮಾಡಿತು. ಅಷ್ಟರಲ್ಲಿ ಆಚೆ ಮನೆಯವಳು ಗಂಡನ ತಮ್ಮನನ್ನೇ ಮದುವೆಯಾಗಿದ್ದಳು. ನಮ್ಮ ಜನದಲ್ಲಿ ಅದು ತಪ್ಪಲ್ಲ. ಬೇರೆ ಮನೆಯವನನ್ನು ಮದುವೆಯಾದರೆ ಪೆನ್ಶನ್ ನಿಲ್ಲುತ್ತದಂತೆ, ಗಂಡನ ತಮ್ಮನನ್ನಾದರೆ ನಿಲ್ಲುವುದಿಲ್ಲವಂತೆ. ಅವಳಿಗೆ ಗಂಡನೂ ಆಯಿತು, ಗಂಡನ ಪೆನ್ಶನೂ ಆಯಿತು. ಪ್ರತಿ ವರ್ಷ ನವೆಂಬರಿನಲ್ಲಿ ನಾವಿಬ್ಬರೂ ಬದುಕಿದ್ದೇವೆಂದು ಬೆರಳು ಒತ್ತಲು ಅಮ್ಮತ್ತಿಯ ಬ್ಯಾಂಕಿಗೆ ಒಂದೇ ಜೀಪಿನಲ್ಲಿ ಹೋಗುತ್ತಿದ್ದೆವು. ಅವಳ ಕೊಡೆ ಹಿಡಿಯಲು ಒಬ್ಬ ಗಂಡಸು. ನನ್ನ ಕೊಡೆ ನಾನೇ ಹಿಡಿಯಬೇಕು.

ಕಳೆದ ವರ್ಷ ಮಳೆ ನಿಲ್ಲುವ ಹೊತ್ತಿಗೆ, ಕುಶಾಲನಗರದಲ್ಲಿರುವ ನನ್ನ ಮಗಳಿಗೆ ಮಡಿಕೇರಿಯ ಆಫೀಸಿನಿಂದ ಫೋನ್ ಬಂತು. ಬೆಟ್ಟದ ಮೇಲೆ ಹಿಮ ಕರಗಿದ ಕಡೆ ಒಂದು ಹೆಣ ಸಿಕ್ಕಿದೆ. ಮುಖ ಗುರುತು ಸಿಗುವ ಹಾಗಿಲ್ಲ, ಕುತ್ತಿಗೆಯ ಬಿಲ್ಲೆಯೂ ಇಲ್ಲ. ಆದರೆ ಕೋಟಿನ ಕಾಲರಿನ ಒಳಗೆ ಬರೆದ ಮಿಲಿಟರಿ ನಂಬರು ಅಪ್ಪನದು ಎಂದಳು. ಮಗಳು ಓದಿ ಹೇಳುವ ಮೊದಲೇ ನಾನು ಆ ನಂಬರನ್ನು ಹೇಳಿ ಮುಗಿಸಿದೆ. ಅವನು ಹುಟ್ಟಿದ ದಿನ ನನಗೆ ಗೊತ್ತಿಲ್ಲ, ನಂಬರು ಗೊತ್ತು.

ರಕ್ತ ಪರೀಕ್ಷೆ ಆಗುವವರೆಗೆ ಏನೂ ಮಾಡಬೇಡಿ ಎಂದಿದ್ದರು. ಆಸ್ಪತ್ರೆಯಲ್ಲಿ ನಾನೇ ಮೊದಲು ತೋಳು ಚಾಚಿದೆ. ನರ್ಸಮ್ಮ ನಕ್ಕು, ಹೆಂಡತಿಯ ರಕ್ತ ಆಗುವುದಿಲ್ಲ ಅಜ್ಜಿ, ಮಗಳದ್ದು ಬೇಕು, ಎಂದಳು. ಅವನ ಮುಖವನ್ನೇ ಕಾಣದ ಮಗಳ ರಕ್ತ ಆಗುತ್ತದೆ, ಕಾದು ಕೂತವಳದ್ದು ಆಗುವುದಿಲ್ಲ. ಮಗಳ ಮೇಲೂ ಒಂದು ಗಳಿಗೆ ಉರಿಯಿತು. ಯಾವುದಕ್ಕೂ ಇರಲಿ ಎಂದು ಆಚೆ ಮನೆಯವನ ತಮ್ಮನ, ಅಂದರೆ ಅವಳ ಈಗಿನ ಗಂಡನ ರಕ್ತವನ್ನೂ ತೆಗೆದರು.

ನಾನು ಕಾಯಲಿಲ್ಲ. ನಲವತ್ತು ವರ್ಷ ಕಾದವಳಿಗೆ ನಲವತ್ತು ದಿನ ಕಾಯಲು ಆಗಲಿಲ್ಲ. ಇನ್ನೂ ಒಂದು ವಿಷಯ ಉಂಟು. ಗುಂಡಿನ ಶಬ್ದ ತೋಡಿನ ಆಚೆಗೆ ಕೇಳಬೇಕಿತ್ತು. ಕಾದವಳ ಗಂಡನೇ ವಾಪಸ್ ಬಂದ ಎಂದು ಅವಳಿಗೆ ಗೊತ್ತಾಗಬೇಕಿತ್ತು. ಮಗಳು ಬೇಡ ಬೇಡ ಎಂದರೂ ಕೇಳದೆ ನಮ್ಮ ಮನೆಯ ಮೈದುನನ ಕೈಗೆ ಕೋವಿ ಕೊಟ್ಟೆ. ಜೋಡಿ ಗುಂಡು ಹೊಡೆದ. ನಾನು ಕರಿಮಣಿ ತೆಗೆದೆ. ಊರು ಬಂತು. ಅವಳೂ ಬಂದು ನನ್ನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಕಾದದ್ದಕ್ಕೆ ಬಂದವಲ್ಲ, ಅಕ್ಕ" ಎಂದಳು. ಗಂಡನನ್ನು, ಹಿರಿಯರನ್ನು ನಮ್ಮಲ್ಲಿ ಮರ್ಯಾದೆಗೆ ಅವು ಎಂದೇ ಹೇಳುವುದು.

"ಕಾದವರಿಗೆ ಬರ್ತದೆ" ಎಂದೆ ನಾನು, ನಾಲ್ಕು ಜನರಿಗೆ ಕೇಳುವ ಹಾಗೆ. ಅವಳು ಕೈ ಬಿಟ್ಟಳು.

ಮೂರು ವಾರ ಕಳೆದು ಮಗಳು ಫೋನ್ ಮಾಡದೆ ತಾನೇ ಬಂದಳು. ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತಳು.

"ಅವ್ವ, ಅದ್ ಅಪ್ಪ ಅಲ್ಲ. ಆಚೆ ಮನೆಯವು. ಕೋಟು ಮಾತ್ರ ಅಪ್ಪಂದ್."

ಕೋಟು ಹೇಗೆ ಬದಲಾಯಿತು ಎಂದು ಆಫೀಸರನ್ನು ಕೇಳಿದ್ದಳಂತೆ. ಅಲ್ಲಿ ಕತ್ತಲಲ್ಲಿ ಎದ್ದು ಓಡುವಾಗ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಾರೆ, ಒಂದೇ ಊರಿನವರಾದರೆ ಯಾರದು ಎಂದು ನೋಡುವುದೂ ಇಲ್ಲ, ಎಂದರಂತೆ. ಇರಬಹುದು. ನನಗೆ ಬೇರೆ ಎರಡು ಯೋಚನೆ ಬಂತು. ಒಂದು, ನನ್ನ ಗಂಡನೇ ಕೊಟ್ಟಿರಬೇಕು. ಹೊಟ್ಟೆಯಲ್ಲಿ ಕೂಸು ಹೊತ್ತ ಹೆಂಡತಿ ನೆನಪಾಗದೆ ಗೆಳೆಯನಿಗೆ ಚಳಿ ಎಂದು ಬಿಚ್ಚಿ ಕೊಟ್ಟ. ಇನ್ನೊಂದು, ಆಚೆ ಮನೆಯವನೇ ಎಳೆದುಕೊಂಡ. ಮೊದಲನೆಯದಕ್ಕೆ ಗಂಡನ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನ ಮೇಲೆ ಎಷ್ಟು ಸಿಟ್ಟು ಮಾಡುವುದು? ಎರಡನೆಯದನ್ನೇ ನಂಬಿದೆ.

ಈ ಕಡೆ ಮನೆಯಲ್ಲಿ ಸೂತಕ, ಚಿತೆ ಹಚ್ಚದೆ ಅದು ಮುಗಿಯುವುದಿಲ್ಲ. ಹೊಡೆದ ಗುಂಡು ಕೋವಿಯೊಳಗೆ ವಾಪಸ್ ಹೋಗುವುದಿಲ್ಲ. ಬೇರೆಯವಳ ಗಂಡನ ಹೆಣಕ್ಕೆ ಗುಂಡು ಹೊಡೆಸಿದ ಹೆಂಗಸು ಎಂದು ಅಮ್ಮತ್ತಿ ಸಂತೆಯವರೆಗೂ ಮಾತಾಯಿತು. ಹಿರಿಯರು ಬಂದು, ಹುಲ್ಲಿನಲ್ಲಿ ಮನುಷ್ಯನ ಆಕಾರ ಕಟ್ಟಿ ಸುಟ್ಟು ಸೂತಕ ಮುಗಿಸು ಎಂದರು. ಹುಲ್ಲಿನ ಗಂಡ ನನಗೆ ಬೇಡ ಎಂದೆ.

ಆಚೆ ಮನೆಗೆ ಹೆಣದ ಪೆಟ್ಟಿಗೆ ಬಂದದ್ದು ಮಿಲಿಟರಿ ಲಾರಿಯಲ್ಲಿ. ಬಾವುಟ, ಹೂವಿನ ಚಕ್ರ, ಕಹಳೆ ಎಲ್ಲ ಇತ್ತು. ಸೂತಕದವಳು ಹೋಗಬಾರದು ಎಂದರೂ ನಾನು ಹೋದೆ. ಬಾವುಟವನ್ನು ಮಡಚಿ ಹೆಂಡತಿಯ ಕೈಗೆ ಕೊಡಬೇಕೆಂದು ಆಫೀಸರು ಕರೆದಾಗ ಅವಳು ಮುಂದೆ ಹೋದಳು. ಬೆನ್ನ ಹಿಂದೆಯೇ ಈಗಿನ ಗಂಡ. ಅವಳ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಗಂಡನ ಎದುರು ಇನ್ನೊಬ್ಬ ಗಂಡನಿಗೆ ಹೇಗೆ ಅಳುವುದು? ಎಲ್ಲರೂ ನೋಡುತ್ತಿದ್ದರು. ನಾನಾಗಿದ್ದರೆ ಪೆಟ್ಟಿಗೆಯ ಮೇಲೆ ಬಿದ್ದು ಹೊರಳಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಅಳಲು ಆಗುವವಳಿಗೆ ಹೆಣ ಇಲ್ಲ, ಹೆಣ ಸಿಕ್ಕಿದವಳಿಗೆ ಅಳಲು ಆಗುವುದಿಲ್ಲ.

ಕೊನೆಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಒಳಗೆ ಮಡಚಿದ ಕೋಟು. ಮೈಮೇಲಿನ ಬಟ್ಟೆ ಹೆಣದ ಜೊತೆ ಸುಡಬೇಕು ಎಂದು ಅವಳ ಈಗಿನ ಗಂಡ ಅದನ್ನು ಪೆಟ್ಟಿಗೆಯ ಮೇಲೆ ಇಟ್ಟ. ನನಗೆ ತಡೆಯಲಾಗಲಿಲ್ಲ. ಜನರ ನಡುವೆ ನುಗ್ಗಿ ಅವಳ ಎದುರು ನಿಂತೆ.

"ನಿನ್ನ ಗಂಡ ನನ್ನ ಗಂಡನ ಕೋಟು ಹಾಕ್ಕೊಂಡು ಸತ್ತದ್ದು" ಎಂದೆ.

ಅವಳು ನನ್ನನ್ನೇ ನೋಡಿದಳು. ಸಿಟ್ಟು ಮಾಡಲಿಲ್ಲ.

"ಹಾಕ್ಕೊಂಡೂ ಸತ್ತೇ ಹೋದವಲ್ಲ, ಅಕ್ಕ" ಎಂದಳು.

ಅವಳು ಪಕ್ಕದಲ್ಲಿದ್ದ ಗಂಡನ ಮುಖವನ್ನೂ ನೋಡದೆ ಪೆಟ್ಟಿಗೆಯ ಮೇಲಿಂದ ಚೀಲ ಎತ್ತಿ ನನ್ನ ಕೈಗೆ ಕೊಟ್ಟಳು. ಕೊಟ್ಟ ಒಳ್ಳೆಯ ಹೆಸರೂ ಅವಳಿಗೇ ಹೋಯಿತಲ್ಲ ಎಂದು ತೋಡು ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಬಂದೆ.

ಮನೆಗೆ ಬಂದು ಕೋಟು ಬಿಡಿಸಿದೆ. ಒದ್ದೆ ಗೋಣಿಯ ವಾಸನೆ. ಎರಡು ಜೇಬಿನಲ್ಲೂ ಕೈ ಹಾಕಿ ನೋಡಿದೆ, ಏನೂ ಇಲ್ಲ. ಕಾಲರಿನ ಒಳಗೆ ನಂಬರು ಇತ್ತು, ಅರ್ಧ ಮಾಸಿತ್ತು. ಮಗಳು ಅದರ ತೋಳಿಗೆ ತನ್ನ ತೋಳು ಇಟ್ಟು ಅಳತೆ ನೋಡಿದಳು. ಅಪ್ಪ ಇಷ್ಟು ಉದ್ದ ಇದ್ದರಾ ಎಂದು ಕೇಳಿದಳು. ಇದ್ದ ಎಂದೆ. ಕೋಟನ್ನು ನನ್ನ ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಆಸೆ ಬಂತು. ಇಟ್ಟುಕೊಂಡರೆ ಅವನ ಎಲೆ ಇನ್ನೂ ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹಾಕಲು ನನಗೆ ವಯಸ್ಸು ಉಳಿದಿಲ್ಲ. ಹಿರಿಯರಿಗೆ ಹೇಳಿ ಕಳಿಸಿದೆ, ಹುಲ್ಲು ಬೇಡ, ಕೋಟು ಉಂಟು ಎಂದು.

ಮಾರನೆಯ ದಿನ ಕಾಫಿ ತೋಟದ ಕೆಳಗಿನ ನಮ್ಮ ಮನೆತನದ ಸುಡುಗಾಡಿನಲ್ಲಿ ಸಣ್ಣ ಚಿತೆ ಮಾಡಿ ಕೋಟನ್ನು ಅಂಗಾತ ಮಲಗಿಸಿದರು, ಕೈಗಳನ್ನು ಎದೆಯ ಮೇಲೆ ಮಡಚಿದರು. ಮೈದುನ ಬೆಂಕಿ ಕೊಟ್ಟ. ಹಳೆಯ ಉಣ್ಣೆ, ಹೊಗೆ ಬಹಳ ಬಂತು, ಬೆಂಕಿ ಕಡಿಮೆ. ಎಲ್ಲರೂ ನಾನು ಅಳುತ್ತೇನೆಂದು ಕಾದರು. ನನಗೆ ಬರಲಿಲ್ಲ.

ಆಗ ಅವಳು ಬಂದಳು, ಒಬ್ಬಳೇ, ತೋಟದ ದಾರಿಯಲ್ಲಿ. ಗಂಡನನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಚಿತೆಯ ಹತ್ತಿರ ಬಂದವಳು ಕೂತಳು, ಕೂತವಳು ಕೂಗಿದಳು. ಮೂರು ತಿಂಗಳ ಗಂಡನನ್ನು ಹೆಸರು ಹಿಡಿದು ಕೂಗಿದಳು. ಅವಳ ಗಂಡನ ಮೈ ನಲವತ್ತು ವರ್ಷ ಅದೇ ಕೋಟಿನೊಳಗೆ ಇತ್ತು ಎಂದು ನನಗೆ ಹೊಳೆದದ್ದು ಆಗಲೇ. ನನ್ನ ಗಂಡನ ಚಿತೆ, ನನ್ನ ಮನೆಯ ಸೌದೆ, ಅಳುವುದು ಅವಳು. ಆ ಅಳು ಕಂಡೂ ನನಗೆ ಉರಿಯಿತು. ಏಳು, ನಿನ್ನ ಜಾಗ ಆಚೆ ಕಡೆ ಎನ್ನಬೇಕೆಂದು ಬಾಯಿ ತೆರೆದೆ.

ಗಾಳಿ ತಿರುಗಿ ಹೊಗೆ ಅವಳ ಮುಖಕ್ಕೇ ಹೋಗುತ್ತಿತ್ತು. "ಈ ಬದಿಗೆ ಬಾ" ಎಂದು, ನಾನು ಸ್ವಲ್ಪ ಸರಿದು ಕೂತೆ.