ಶುಕ್ರವಾರ ಬಾರದ ಹೆಬ್ಬಾವು

ಮಳೆ ನಿಂತು ಹತ್ತು ನಿಮಿಷವಾಗಿತ್ತು. ಸೆರಂಗೂನಿನ ನಮ್ಮ ಬ್ಲಾಕಿನ ಹಿಂದಿನ ಕಾಲುದಾರಿಯಲ್ಲಿ ಅಮ್ಮನ ಜೊತೆ ನಿಧಾನವಾಗಿ ನಡೆಯುತ್ತಿದ್ದೆ. ಪಕ್ಕದ ದೊಡ್ಡ ಚರಂಡಿಯಿಂದ ಒಂದು ವಾಸನೆ ಎದ್ದಿತು. ಒದ್ದೆ ಸಿಮೆಂಟು, ಕೊಳೆತ ಎಲೆ, ಜೊತೆಗೆ ಹೆಸರಿಡಲಾಗದ ಇನ್ನೇನೋ. ಅಮ್ಮ ಮೂಗು ಮುಚ್ಚಿಕೊಳ್ಳುವ ಬದಲು ನಿಂತು ಮೂಸಿದಳು. ನಾನೂ ಮೂಸಿದೆ. ಇಬ್ಬರೂ ಕಂಬಿಯ ಮೇಲೆ ಬಗ್ಗಿ ಕೆಳಗೆ ನೋಡಿದೆವು. ನೀರು, ಒಂದು ಪ್ಲಾಸ್ಟಿಕ್ ಬಾಟಲಿ, ಒಂದು ಬೆಳ್ಳಕ್ಕಿ. ಅಷ್ಟೇ. ಹೀಗೆ ಚರಂಡಿ ಕಂಡಲ್ಲೆಲ್ಲ ಬಗ್ಗುವ ಚಟ ನಮ್ಮ ಮನೆಯವರಿಗೆ ಯಾಕೆ ಅಂಟಿತೆಂದು ನಿಮಗೆ ಹೇಳಬೇಕಾದರೆ ನನ್ನ ಮಾನ ಸ್ವಲ್ಪ ಹೋಗುತ್ತದೆ. ಹೋಗಲಿ. ಅದರಲ್ಲಿ ಹೆಚ್ಚಿನ ಪಾಲು ಆಗಲೇ ಹೋಗಿಯಾಗಿದೆ.

ಆ ಚಟ ಅಂಟಿದಾಗ ನಾವು ಇದೇ ಊರಿನ ಬ್ಯೂನಾ ವಿಸ್ಟಾದಲ್ಲಿದ್ದೆವು. ಎರಡು ಸಾವಿರದ ಆರು, ಏಳರ ಮಾತು. ನಾಲ್ಕು ಮಹಡಿಯ ಹಳೆಯ ಕಾಂಡೊ ಅಪಾರ್ಟ್‌ಮೆಂಟಿನಲ್ಲಿ ನೆಲಮಹಡಿಯ ಮನೆ. ಹಿಂದೆ ಎರಡು ಚಾಪೆ ಹಾಸುವಷ್ಟು ಹಿತ್ತಿಲು, ಅದರಾಚೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಮಳೆನೀರಿನ ಚರಂಡಿ, ಚರಂಡಿಯಾಚೆ ಮಲೇಶಿಯಾ ಕಡೆಗೆ ಹೋಗುವ ರೈಲಿನ ಹಳಿ. ಹಳಿಯ ಎರಡೂ ಮಗ್ಗುಲಲ್ಲಿ ಯಾರೂ ಕೈಹಾಕದ ಪೊದೆ. ರಸ್ತೆಯ ಆ ಕಡೆ ಮಾತ್ರ ಎಲ್ಲರೂ ಕೈಹಾಕಿದ್ದರು. ಅಲ್ಲಿ ಗುಡ್ಡ ಕಡಿದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ನಮ್ಮ ಜಗುಲಿಯಿಂದ ಕಾಣುವ ಕ್ರೇನುಗಳು ಜನವರಿಯಲ್ಲಿ ಏಳು, ದೀಪಾವಳಿಯ ಹೊತ್ತಿಗೆ ಹದಿಮೂರು. ಗುಡ್ಡ ಕಡಿದರೆ ಅದರಲ್ಲಿದ್ದವರು ಎಲ್ಲಿಗೆ ಹೋಗಬೇಕು? ಚರಂಡಿ ಹಿಡಿದು ನಮ್ಮ ಕಡೆ ಬಂದರು.

ಕ್ರೇನುಗಳನ್ನು ಎಣಿಸುವವನು ಎಂಥವನೆಂದು ನೀವು ಈಗಾಗಲೇ ಊಹಿಸಿರಬೇಕು. ನನಗೆ ಇಪ್ಪತ್ತಮೂರು ವರ್ಷ, ಲ್ಯಾಬೊಂದರಲ್ಲಿ ಹೊಸ ಕೆಲಸ, ಜೇಬಿನಲ್ಲಿ ಸದಾ ಒಂದು ಡೈರಿ. ಅದರಲ್ಲಿ ಮನಸ್ಸಿನ ಮಾತು ಒಂದೂ ಇರಲಿಲ್ಲ, ಲೆಕ್ಕ ಮಾತ್ರ. ವಾರಕ್ಕೆ ಎಷ್ಟು ಸಲ ತೊಂಡೆಕಾಯಿ, ಅಪ್ಪ ಒಂದು ತಿಂಗಳಲ್ಲಿ ಎಷ್ಟು ಸಲ ‘ನಮ್ಮ ಕಾಲದಲ್ಲಿ’ ಎಂದ (ನಲವತ್ತೊಂದು), ಎಂಆರ್‌ಟಿ ರೈಲಿನಲ್ಲಿ ಎಷ್ಟು ದಿನ ಕೂರಲು ಜಾಗ ಸಿಕ್ಕಿತು (ಎರಡು). ಒಂದು ಹುಡುಗಿ ನನ್ನನ್ನು ನೋಡಿ ನಕ್ಕದ್ದಕ್ಕೂ ಒಂದು ಅಂಕಣ ಎಳೆದಿದ್ದೆ. ಅಂಕಣ ನೀಟಾಗಿತ್ತು, ತುಂಬಲಿಲ್ಲ.

ಬೆಕ್ಕು ಬಂದದ್ದು ಅಪ್ಪನ ಟಿಫಿನ್ ಚೀಲದಲ್ಲಿ. ಅಪ್ಪ ಬೂನ್ ಲೇ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಅಲ್ಲಿನ ಕ್ಯಾಂಟೀನಿನ ಹಿಂದೆ ಅಳುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದಿದ್ದ. ಕಂದು ಮೈ, ಮೇಲೆ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕೆ. ಮುಟ್ಟಿದರೆ ಚೊರ್ ಎನ್ನುತ್ತಿತ್ತು. ಒಗ್ಗರಣೆ ಎಂದು ಹೆಸರಿಟ್ಟೆವು. ಬೆಕ್ಕೆಂದರೆ ಅಪಶಕುನ ಎನ್ನುತ್ತ ಮೊದಲ ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದ ಅಮ್ಮ ನಾಲ್ಕನೆಯ ದಿನ ಅದಕ್ಕೆ ಮೊಸರನ್ನ ಕಲಸುತ್ತಿದ್ದಳು. ಪಶುವೈದ್ಯರ ಕಾರ್ಡಿನಲ್ಲಿ ಒಡೆಯನ ಹೆಸರು ನನ್ನದು. ಒಗ್ಗರಣೆ ಆ ಕಾರ್ಡನ್ನು ಎಂದೂ ಓದಲಿಲ್ಲ. ಅದು ಅಮ್ಮನ ಕಾಲಿಗೆ ಕಾಲು ಹೆಣೆದುಕೊಂಡೇ ಓಡಾಡುತ್ತಿತ್ತು. ಅಪ್ಪ ಸಂಜೆ ತಡವಾಗಿ ಬರುವವನು, ನಾನು ಡೈರಿಯಲ್ಲಿ ಮುಳುಗಿದವನು. ಇಡೀ ದಿನ ಅಮ್ಮ ಕನ್ನಡದಲ್ಲಿ ಮಾತಾಡಿದರೆ ಕೇಳಿಸಿಕೊಳ್ಳಲು ಆ ಮನೆಯಲ್ಲಿದ್ದ ಜೀವ ಅದೊಂದೇ. ಇದು ನನಗೆ ಆಗ ಹೊಳೆದಿರಲಿಲ್ಲ, ಏಕೆಂದರೆ ಇದಕ್ಕೆ ಅಂಕಣ ಇರಲಿಲ್ಲ.

ಹೆಬ್ಬಾವನ್ನು ಮೊದಲು ಕಂಡವಳೂ ಅಮ್ಮನೇ. ಒಣಗಲೆಂದು ಬಿದಿರಿನ ಗಳುವಿಗೆ ಒದ್ದೆ ಬಟ್ಟೆ ತೂರಿಸುತ್ತಿದ್ದವಳು ಒಳಗೆ ಬಂದು, ಚರಂಡಿಯಲ್ಲಿ ನಾಗಪ್ಪ ಮಲಗಿದ್ದಾನೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಹೋಗಿ ನೋಡಿದೆ. ನನ್ನ ತೋಳಿನಷ್ಟು ದಪ್ಪ, ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು. ಮೈಮೇಲೆ ಯಾರೋ ಕೂತು ನೇಯ್ದಂಥ ಬಲೆ ಬಲೆ ಚಿತ್ತಾರ. ಇದು ನಾಗರಹಾವಲ್ಲ, ಹೆಬ್ಬಾವು, ಹೆಡೆಯೇ ಇಲ್ಲ ಎಂದು ನಾನು ತಿದ್ದಿದೆ.

“ಹೆಬ್ಬಾವಾದ್ರೇನು, ನಾಗಪ್ಪನ ನೆಂಟ ತಾನೆ” ಎಂದು ಅಮ್ಮ ಕೈಮುಗಿದಳು.

ಹಿಡಿಸಿಬಿಡೋಣ ಎಂದರೆ ಒಪ್ಪಲಿಲ್ಲ. ಹಾವಿಗೆ ತೊಂದರೆ ಕೊಟ್ಟರೆ ಏಳು ತಲೆಮಾರಿಗೆ ದೋಷ. ಅದರಲ್ಲೂ ಮದುವೆಯಾಗದ ಮಗ ಮನೆಯಲ್ಲಿರುವಾಗ. ಹಾಗಾದರೆ ಬೆಕ್ಕಿನ ಗತಿ? ಮೇಲಿನ ಮನೆಯ ಟಾನ್ ಅಂಕಲ್, ನಿವೃತ್ತರಾಗಿ ಬಾಲ್ಕನಿಯನ್ನೇ ಆಫೀಸು ಮಾಡಿಕೊಂಡಿದ್ದವರು, ಅಲ್ಲಿಂದಲೇ ತೀರ್ಪು ಕೊಟ್ಟರು. ಅವರ ತಂಗಿಯ ಬೆಕ್ಕು ಹೀಗೇ ಹೋಗಿತ್ತಂತೆ. ಬೆಕ್ಕು ಒಳಗೆ, ಹಾವು ಹೊರಗೆ, ಬಾಗಿಲು ನಡುವೆ. ಇಷ್ಟು ಸರಳ.

ಸರಳವಾದದ್ದು ನನಗೆ ಒಗ್ಗುವುದಿಲ್ಲ. ಬಾಗಿಲು ಹಾಕಿದರೆ ಒಗ್ಗರಣೆ ಬೆಳಿಗ್ಗೆ ಪೂರ್ತಿ ಪರದೆ ಹತ್ತಿ ಅರಚುತ್ತಿತ್ತು, ಅಮ್ಮನೂ ಅದರ ಜೊತೆ ಸೊರಗುತ್ತಿದ್ದಳು. ಹಾವಿನ ದಿನಚರಿ ತಿಳಿದರೆ ಬೆಕ್ಕಿನ ದಿನಚರಿ ಹೊಂದಿಸಬಹುದಲ್ಲ ಎಂದು ಡೈರಿ ತೆರೆದೆ. ತಾರೀಖು, ವಾರ, ಗಂಟೆ, ಮಳೆ, ಚರಂಡಿಯ ನೀರಿನ ಮಟ್ಟ, ಹಾವಿನ ತಲೆ ಯಾವ ದಿಕ್ಕಿಗೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೋಡೆಯ ಬಳಿ ಕೂತು ನಾಲ್ಕು ತಿಂಗಳು ಬರೆದೆ. ಹತ್ತೊಂಬತ್ತು ಸಲ ಹಾವು ಕಂಡಿತ್ತು. ಕೂಡಿಸಿ ನೋಡಿದರೆ ಮೈ ಜುಮ್ಮೆಂದಿತು. ಹತ್ತೊಂಬತ್ತೂ ಮಂಗಳವಾರ, ಗುರುವಾರ, ಶನಿವಾರ, ಭಾನುವಾರ. ಸೋಮವಾರ, ಬುಧವಾರ, ಶುಕ್ರವಾರ ಒಂದೇ ಒಂದು ಸಲವೂ ಇಲ್ಲ.

ಇಲ್ಲೊಂದು ಸಣ್ಣ ಅಡ್ಡಿ ಬಂದಿತ್ತು, ಬರೆದುಬಿಡುತ್ತೇನೆ. ಒಂದು ಸೋಮವಾರ ಸಂಜೆ ನಾನು ಶೂ ಬಿಚ್ಚುತ್ತಿರುವಾಗ ಅಮ್ಮ, ಬೆಳಿಗ್ಗೆ ನಿನ್ನ ಹಾವು ಬಂದಿತ್ತು ಎಂದಳು. ಎಷ್ಟು ಗಂಟೆಗೆ ಎಂದು ಕೇಳಿದೆ. ಕುಕ್ಕರ್ ಮೂರನೇ ಸಲ ಕೂಗಿದಾಗ ಎಂದಳು. ತಲೆ ಯಾವ ದಿಕ್ಕಿಗಿತ್ತು? ಅದು ಹೋಗುವ ದಿಕ್ಕಿಗೆ ಎಂದಳು. ಇಂಥ ಮಾಹಿತಿಯನ್ನು ಯಾವ ಲ್ಯಾಬು ಒಪ್ಪುತ್ತದೆ? ಪೆನ್ಸಿಲಿನಲ್ಲಿ ‘ಅನಿಶ್ಚಿತ’ ಎಂದು ಬರೆದು, ಆಮೇಲೆ ಪುಟ ಗಲೀಜಾಗಿ ಕಾಣುತ್ತದೆಂದು ಅಳಿಸಿದೆ.

ಚಾರ್ಟು ಸೊಗಸಾಗಿ ಬಂತು. ಏಳು ಮನೆ, ನಾಲ್ಕು ಕೆಂಪು, ಮೂರು ಹಸಿರು. ಹಸಿರು ದಿನ ಹಿತ್ತಿಲ ಬಾಗಿಲು ತೆರೆದಿರಬಹುದು, ಕೆಂಪು ದಿನ ಕೂಡದು. ಅಡುಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇತ್ತು. ಅದರ ಪಕ್ಕದಲ್ಲೇ ಅಂಟಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ. ಅಮ್ಮ ಆ ಗೋಡೆಯ ಮೇಲಿದ್ದದ್ದನ್ನು ಪ್ರಶ್ನಿಸಿದವಳೇ ಅಲ್ಲ. ರಾಹುಕಾಲದಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಹೊಸದಾಗಿ ಒಡೆಯದವಳು. ಬೆಳಿಗ್ಗೆ ಎದ್ದು ತಿಥಿ ನೋಡುವಳು, ರಾಹುಕಾಲ ನೋಡುವಳು, ಆಮೇಲೆ ಮಗನ ಬಣ್ಣ ನೋಡುವಳು. ಮೈಸೂರಿನಿಂದ ಬಂದ ಸ್ನೇಹಿತೆಯರಿಗೆ, ಇದು ನಮ್ಮ ಹುಡುಗ ಬರೆದದ್ದು, ಹಾವಿಗೆ ಎಂದು ತೋರಿಸುವಳು. ಅವರು ಕನ್ನಡಕ ಹಾಕಿಕೊಂಡು ಓದುವರು. ನಾನು ಪಕ್ಕದ ಕೋಣೆಯಲ್ಲಿ ವಿನಯದಿಂದ ಕೆಮ್ಮುತ್ತಿದ್ದೆ.

ಟಾನ್ ಅಂಕಲ್ ಮಾತ್ರ ಚಾರ್ಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಬಾಯ್, ಸ್ನೇಕ್ ಗಾಟ್ ನೋ ಕ್ಯಾಲೆಂಡರ್ ಲಾ” ಎಂದರು, ಹಾವಿಗೆಲ್ಲಿಯ ಕ್ಯಾಲೆಂಡರ್ ಹುಡುಗಾ ಎಂಬಂತೆ. ವಿಜ್ಞಾನದ ಗಂಧವಿಲ್ಲದವರು ಎಂದುಕೊಂಡೆ. ಅದನ್ನು ಡೈರಿಯಲ್ಲೂ ಬರೆದುಕೊಂಡೆ. ಇವತ್ತಿಗೂ ಅದು ಇದೆ, ಅಳಿಸುವ ಧೈರ್ಯ ಬಂದಿಲ್ಲ.

ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಬಳಿಕ ಒಂದು ಗುರುವಾರ ನನಗೆ ಜ್ವರ ಬಂತು. ವೈದ್ಯರು ಮರುದಿನವೂ ಸೇರಿಸಿ ರಜೆಯ ಚೀಟಿ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಏಳೂವರೆ. ಹಸಿರು ದಿನ, ಬಾಗಿಲು ತೆರೆದಿತ್ತು. ಒಗ್ಗರಣೆ ಗೋಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿತ್ತು, ಅಮ್ಮ ಅಪ್ಪನ ಅಂಗಿಗಳನ್ನು ಗಳುವಿಗೆ ತೂರಿಸುತ್ತಿದ್ದಳು. ನಾನು ಕಂಬಳಿ ಹೊದ್ದು ಬಾಗಿಲಲ್ಲಿ ಕಷಾಯ ಕುಡಿಯುತ್ತಿದ್ದೆ. ಗೋಡೆಯ ಆ ಕಡೆಯಿಂದ ಏನೋ ಬಂದು ಬೆಕ್ಕನ್ನು ಹಿಡಿಯಿತು. ಎಷ್ಟು ಬೇಗ ಎಂದರೆ, ಒಗ್ಗರಣೆ ಚೊರ್ ಎನ್ನಲು ಬಾಯಿ ತೆರೆದದ್ದು ಕಂಡಿತು, ದನಿ ಕೇಳಲಿಲ್ಲ. ಎರಡೂ ಒಂದೇ ಉಂಡೆಯಾಗಿ ಹಿತ್ತಿಲಿಗೆ ಬಿದ್ದವು.

ಆಗ ಬೆಕ್ಕಿನ ಒಡೆಯನಾದ ನಾನು ಏನು ಮಾಡಿದೆ ಗೊತ್ತೆ? “ಇವತ್ತು ಶುಕ್ರವಾರ” ಎಂದೆ. ಗಟ್ಟಿಯಾಗಿಯೇ ಅಂದೆನಂತೆ. ಯಾರಿಗೆ ಹೇಳಿದೆನೋ ತಿಳಿಯದು, ಬಹುಶಃ ಹಾವಿಗೆ.

ಅಮ್ಮ ಗಳುವನ್ನು ಎತ್ತಿದಳು. ಅದರಲ್ಲಿ ಅಪ್ಪನ ಮೂರು ಅಂಗಿ, ಒಂದು ಪಂಚೆ ಹಾಗೆಯೇ ಇದ್ದವು. ಅಂಗಿಗಳ ಸಮೇತ ಗಳುವಿನ ತುದಿಯನ್ನು ಆ ಸುರುಳಿಗಳ ನಡುವೆ ತುರುಕಿ ಮೀಟತೊಡಗಿದಳು. ಮೀಟುವುದು, ಒಂದು ಏಟು, ಮತ್ತೆ ಮೀಟುವುದು. ಬಾಯಲ್ಲಿ ಮಾತ್ರ ಬೇರೆಯೇ ನಡೆದಿತ್ತು. “ತಪ್ಪಾಯ್ತಪ್ಪ, ತಪ್ಪಾಯ್ತು, ಬಿಡಪ್ಪ. ನಿಂಗೆ ಹಾಲೆರೀತೀನಿ, ತನಿ ಎರೀತೀನಿ, ಊರಿಗೆ ಹೋದಾಗ ಕಲ್ಲು ಮಾಡಿಸ್ತೀನಿ. ಬಿಡೋ ಅಂದ್ರೆ, ಮುಂಡೇದೆ.” ಕ್ಷಮೆ, ಹರಕೆ, ಬೈಗುಳ, ಏಟು ಎಲ್ಲ ಒಟ್ಟಿಗೆ ಬೀಳುತ್ತಿದ್ದವು. ಯಾವುದಕ್ಕೆ ಮಣಿಯಿತೋ, ಹಾವು ಸಡಿಲಾಯಿತು. ಒಂದು ಅಂಗಿಯನ್ನು ಮೈಗೆ ಸುತ್ತಿಕೊಂಡೇ ಗೋಡೆ ಹತ್ತಿ ಚರಂಡಿಗೆ ಇಳಿಯಿತು. ಒಗ್ಗರಣೆ ನೆಲದ ಮೇಲೆ ಬಟ್ಟೆಯ ಹಾಗೆ ಬಿದ್ದಿತ್ತು. ಹೊಟ್ಟೆ ಮಾತ್ರ ಸಣ್ಣಗೆ ಏರಿ ಇಳಿಯುತ್ತಿತ್ತು.

ಟಾನ್ ಅಂಕಲ್ ಕಾರಿನ ಕೀಲಿ ಹಿಡಿದು ಬನಿಯನ್ನಿನಲ್ಲೇ ಇಳಿದು ಬಂದರು. ನಮ್ಮನ್ನು ಪಶುವೈದ್ಯರಲ್ಲಿಗೆ ಕರೆದೊಯ್ದರು. ಚಾರ್ಟಿನ ವಿಷಯ ಎತ್ತದಿರುವಷ್ಟು ಒಳ್ಳೆಯವರು ಅವರೆಂದು ಅವತ್ತು ತಿಳಿಯಿತು. ವೈದ್ಯೆ ಬೆಕ್ಕನ್ನು ಒಳಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿದರು. ಪಕ್ಕೆಲುಬು ಮುರಿದಿವೆ, ಒಳಗೆ ರಕ್ತ ಹರಿದಿದೆಯೇ ನೋಡಬೇಕು, ಏನೂ ಹೇಳಲಾರೆ ಎಂದಿದ್ದರು.

ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಮ್ಮ, ನಾನು. ಅಮ್ಮನ ಸೀರೆಯ ಮುಂಭಾಗ ಒದ್ದೆ. ಅಭ್ಯಾಸಬಲದಿಂದ ನಾನು ಡೈರಿ ತೆಗೆದೆ, ಇಪ್ಪತ್ತನೆಯ ದಾಖಲೆ ಬರೆಯಲು. ‘ಶುಕ್ರ’ ಎಂದು ಬರೆದು ಮೇಲಿನ ಸಾಲುಗಳನ್ನು ನೋಡಿದೆ. ಮಂಗಳ, ಗುರು, ಶನಿ, ಭಾನು. ಮಂಗಳವಾರ, ಗುರುವಾರ ನನಗೆ ಮಧ್ಯಾಹ್ನದ ಪಾಳಿ. ಶನಿವಾರ, ಭಾನುವಾರ ರಜೆ. ಉಳಿದ ಮೂರು ದಿನ ಆರೂವರೆಗೆ, ಇನ್ನೂ ಕತ್ತಲಿರುವಾಗಲೇ, ನಾನು ಮನೆ ಬಿಡುತ್ತಿದ್ದೆ. ನಾಲ್ಕು ತಿಂಗಳು ಕಷ್ಟಪಟ್ಟು ನಾನು ಪತ್ತೆಹಚ್ಚಿದ್ದು ನಾನು ಯಾವಾಗ ಮನೆಯಲ್ಲಿರುತ್ತೇನೆ ಎಂಬುದನ್ನು. ಅದನ್ನು ಹಸಿರು ಕೆಂಪು ಬಳಿದು ಗೋಡೆಗೆ ಅಂಟಿಸಿದ್ದೆ.

“ಅಮ್ಮ, ಚಾರ್ಟು ತಪ್ಪು” ಎಂದೆ.

“ಹೂಂ.”

“ಶುರುವಿಂದ್ಲೂ ತಪ್ಪು. ಅದು ದಿನಾ ಬರ್ತಿತ್ತು ಅನ್ಸತ್ತೆ.”

ಅಮ್ಮ ಸೆರಗಿನ ಅಂಚನ್ನು ಹಿಂಡುತ್ತಿದ್ದಳು. “ಮತ್ತೆ ಎರಡು ಸೋಮವಾರ ನೋಡ್ದೆ ಕಣೋ. ಒಂದು ಬುಧವಾರಾನೂ.”

“ಯಾಕಮ್ಮ ಹೇಳ್ಲಿಲ್ಲ?”

“ನೀನು ಹಸಿರು ಬಳಿದಿದ್ಯಲ್ಲ” ಎಂದಳು. ದನಿಯಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. “ಓದಿದೋನು ನೀನು. ಪೈಪೋ ಏನೋ ಇರ್ಬೇಕು, ನನ್ನ ಕಣ್ಣಿಗೇ ಏನೋ ಆಗಿರ್ಬೇಕು ಅಂದ್ಕೊಂಡೆ. ಅಂದ್ಕೊಂಡು ಬಾಗ್ಲು ತೆಗೆದೆ.”

ಆ ಕೊನೆಯ ಮಾತನ್ನು ಹೇಳುವಾಗ ಅವಳು ಅತ್ತಳು. ಬಾಗಿಲು ತೆಗೆದದ್ದು ತಾನೇ ಎಂದು ಅತ್ತಳು. ನಾನು ಡೈರಿಯನ್ನು ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ. ಇನ್ನೆಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಒಗ್ಗರಣೆ ಬದುಕಿತು. ಹನ್ನೊಂದು ದಿನ ಅಲ್ಲೇ ಇದ್ದು, ಒಂದು ಕಡೆ ಸ್ವಲ್ಪ ಸೊಟ್ಟಗೆ ನಡೆಯುತ್ತ ಮನೆಗೆ ಬಂತು. ಆಮೇಲೆ ಒಂದು ದಿನವೂ ಹಿತ್ತಿಲು ನೋಡದೆ, ಪರದೆ ಹತ್ತಿ ಅರಚುತ್ತ, ವಯಸ್ಸಾಗಿಯೇ ಸತ್ತಿತು. ಚಾರ್ಟನ್ನು ನಾನು ಕಿತ್ತೆ. ಗೋಡೆಯಲ್ಲಿ ಟೇಪಿನ ನಾಲ್ಕು ಗುರುತು ಉಳಿದವು. ಹರಕೆಯ ಕಲ್ಲನ್ನು ಅಮ್ಮ ಮರುವರ್ಷವೇ ಊರಿನಲ್ಲಿ ಮಾಡಿಸಿದಳು. ಹೆಬ್ಬಾವಿಗೆ ಹೆಡೆಯಿಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ. ಕಲ್ಲಿನ ನಾಗಪ್ಪನಿಗೆ ಐದು ಹೆಡೆ ಇವೆ.

ಮೊನ್ನೆ ಸೆರಂಗೂನಿನ ಆ ಕಾಲುದಾರಿಯಲ್ಲಿ ನಾವು ಹೊರಟಿದ್ದು ಇನ್ನೊಬ್ಬ ಡಾಕ್ಟರ ಬಳಿಗೆ. ಅಮ್ಮನಿಗೆ ಎಡ ಮೊಣಕಾಲು ನೋವು. ಮೊದಲಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಇದರಲ್ಲಿ ಏನೂ ಇಲ್ಲ ಎಂದು ಕಳಿಸಿದ್ದರು. ಮನೆಗೆ ಬಂದು ಅಮ್ಮ, “ಏನೂ ಇಲ್ವಂತೆ ಕಣೋ, ಸುಮ್ನೆ ನಂಗೇ ಹಾಗನ್ಸತ್ತೇನೋ” ಎಂದಾಗ ನನಗೆ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮತ್ತೆ ಡೈರಿಯ ಮೇಲೆ ಕೂತ ಹಾಗಾಯಿತು. ಫೋನ್ ಎತ್ತಿ ಇನ್ನೊಂದು ಕಡೆ ಅಪಾಯಿಂಟ್‌ಮೆಂಟ್ ಬುಕ್ ಮಾಡಿದೆ.

ಹುಟ್ಟುಗುಣ ಸುಟ್ಟರೂ ಹೋಗದು. ನೋವು ಬಂದ ದಿನಗಳ ಪಟ್ಟಿಯೊಂದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಯಾವಾಗ ನೋಯುತ್ತದೆ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ನನ್ನ ಕೈ ಜೇಬಿನವರೆಗೆ ಹೋಯಿತು.

“ಅವಳನ್ನೇ ಕೇಳಿ, ನಾನು ಇಂಗ್ಲಿಷಿನಲ್ಲಿ ಹೇಳ್ತಾ ಹೋಗ್ತೀನಿ” ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತು, ಕಾಲು ನೀಡಿ, ಬೆರಳಿಟ್ಟು ತೋರಿಸುತ್ತ ಶುರು ಮಾಡಿದಳು. ಪೂಜೆಗೆ ಕೂತು ಎದ್ದಾಗ ಇಲ್ಲಿ, ಬಸ್ಸಿನ ಮೆಟ್ಟಿಲು ಇಳಿಯುವಾಗ ಇಲ್ಲಲ್ಲ ಇಲ್ಲಿ, ಮಳೆ ಬರುವ ಹಿಂದಿನ ದಿನ ಸುತ್ತಲೂ. ಡಾಕ್ಟರು ಪೆನ್ನು ಎತ್ತಿಕೊಂಡು ಬರೆದುಕೊಳ್ಳತೊಡಗಿದರು. ಅವಳು ಹೇಳುತ್ತಲೇ ಇದ್ದಳು, ನಾನು ಒಂದು ಮಾತೂ ಬಿಡದೆ ತಿರುಗಿಸಿ ಹೇಳುತ್ತಿದ್ದೆ.