ಗಡಾಯಿಕಲ್ಲು ಹತ್ತಿದ ವಿನಿಫ್ರೆಡ್ ಬಾಯಿ

ಬಿಜೈಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿನಿಫ್ರೆಡ್ ಬಾಯಿ ಭೂಗೋಳ ಕಲಿಸುತ್ತಿದ್ದರು. ಘಟ್ಟ, ನದಿ, ಜಲಪಾತಗಳನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಂದವಾಗಿ ಬರೆಯುವವರು. ಆದರೆ ಸ್ವತಃ ಅವರು ಕಂಡದ್ದು ಮನೆ, ಶಾಲೆ, ಇಗರ್ಜಿ. ಹೆಚ್ಚೆಂದರೆ ಕುಲಶೇಖರದ ಅಕ್ಕನ ಮನೆ. ಚಿಕ್ಕಂದಿನಲ್ಲಿ ಏಣಿಯಿಂದ ಬಿದ್ದ ಮೇಲೆ ಎತ್ತರವೆಂದರೆ ಅವರಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಒಂದು ದಿನ ಬೆಳ್ತಂಗಡಿ ಕಡೆಯ ಗಡಾಯಿಕಲ್ಲು ಎಂಬ ಹೆಬ್ಬಂಡೆಯ ಪಾಠ ಮಾಡುತ್ತಿದ್ದಾಗ ಕುಶಲಾ ಎಂಬ ಹುಡುಗಿ ಎದ್ದು ನಿಂತಳು.

"ಬಾಯಿ, ಅದರ ಮೇಲೆ ನಿಂತರೆ ಸಮುದ್ರ ಕಾಣ್ತದಾ?"

"ಗೊತ್ತಿಲ್ಲ ಮಗಾ. ನಾನು ಹತ್ತಿದವಳಲ್ಲ."

ಹಾಗೆ ಹೇಳಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. ನಮ್ಮ ಜಿಲ್ಲೆಯದ್ದೇ ಬಂಡೆ, ಹೋಗಿ ನೋಡಿದರೆ ಆಗದೇ ಎಂದು ಬಾಡಿಗೆ ಬಸ್ಸು ಗೊತ್ತುಮಾಡಿದರು.

ಅಣ್ಣ ಗ್ರೆಗರಿ ಹೌಹಾರಿದ. "ನಿನಗೆಂತ ಹುಚ್ಚಾ ವಿನ್ನಿ? ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂಡೆ ಹತ್ತುವುದಾ? ಜನ ಎಂತ ಹೇಳ್ಲಿಕ್ಕಿಲ್ಲ!"

"ಹೇಳಲಿ. ಅವರನ್ನೂ ಬರ್ಲಿಕ್ಕೆ ಹೇಳು."

ಬಂದದ್ದು ಕುಶಲಾಳ ತಾಯಿ ಮುದ್ದು, ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವಳು. "ನಾನೂ ಬರ್ತೇನೆ ಬಾಯಮ್ಮ. ಕಾರ್ಖಾನೆಯ ಹೊಗೆ ಬಿಟ್ಟು ನಾನು ಎಂತ ನೋಡಿದ್ದು ಉಂಟು?"

ಬಸ್ಸು ಬಿಕರ್ನಕಟ್ಟೆ ದಾಟುವ ಮೊದಲೇ ಹುಡುಗಿಯರ ಹಾಡು ಶುರುವಾಗಿತ್ತು. ಬಂಡೆಯ ಬುಡಕ್ಕೆ ಬಂದಾಗ ಎಲ್ಲರೂ ತಲೆಯೆತ್ತಿ ನೋಡಿದರು. ಕಾಡಿನ ನಡುವಿನಿಂದ ಅದು ಆಕಾಶಕ್ಕೆ ಎದ್ದು ನಿಂತಿತ್ತು. ಕಲ್ಲಿನಲ್ಲೇ ಕಡಿದ ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಒಂದು ಬದಿಯ ಮರಗಳು ಮುಗಿದು ಬರೀ ಗಾಳಿ ಉಳಿಯಿತು. ವಿನಿಫ್ರೆಡ್ ಬಾಯಿ ಕೆಳಗೆ ನೋಡಿದರು. ಅಲ್ಲೇ ಕುಳಿತುಬಿಟ್ಟರು.

"ನೀವು ಹೋಗಿ ಬನ್ನಿ. ನನ್ನಿಂದ ಆಗುವುದಿಲ್ಲ."

ಯಾರೂ ಕದಲಲಿಲ್ಲ. ಮುದ್ದು ಇಳಿದು ಬಂದು ಪಕ್ಕದಲ್ಲಿ ಕುಳಿತಳು. "ಮೊದಲ ಸಲ ಮಣ್ಣಿನ ಬುಟ್ಟಿ ಹೊತ್ತು ಹಲಗೆ ಹತ್ತುವಾಗ ನಾನು ಜೋರಾಗಿ ಅತ್ತಿದ್ದೆ ಬಾಯಮ್ಮ. ಅಳುತ್ತಲೇ ಹತ್ತಿದೆ. ನೀವೂ ಅಳಿ, ತೊಂದರೆ ಇಲ್ಲ. ನನ್ನ ಸೆರಗು ಹಿಡ್ಕೊಳ್ಳಿ."

ವಿನಿಫ್ರೆಡ್ ಬಾಯಿಗೆ ಅಳುವಿನ ಬದಲು ನಗು ಬಂತು. ಸೆರಗು ಹಿಡಿದರು. ಕಡಿದಾದ ಕಡೆ ಮಗುವಿನಂತೆ ಅಂಬೆಗಾಲಿಟ್ಟರು. ಹುಡುಗಿಯರು ಕಿಸಕ್ಕೆಂದರೆ "ನಗಿ, ನಗಿ" ಎನ್ನುತ್ತಲೇ ಮೇಲೆ ಹೋದರು.

ತುದಿಯಲ್ಲಿ ಗಾಳಿ ಸೀರೆಯನ್ನು ಎಳೆಯಿತು. ಮೂಡಣದಲ್ಲಿ ಕುದುರೆಮುಖದ ಸಾಲು ನೀಲಿಯಾಗಿ, ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಪಡುವಣದಲ್ಲಿ ಬರೀ ಮಂಜು; ಸಮುದ್ರ ಕಾಣಲಿಲ್ಲ. ಕುಶಲಾಳ ಮುಖ ಸಪ್ಪಗಾಯಿತು. ಬಾಯಿ ಅವಳನ್ನು ಘಟ್ಟದ ಕಡೆಗೆ ತಿರುಗಿಸಿ ನಿಲ್ಲಿಸಿದರು. ತಾವು ಇಷ್ಟು ವರ್ಷ ಬೆರಳಗಲದ ಗೆರೆಯಾಗಿ ಬರೆದದ್ದು ಇದನ್ನೇ ಎಂದು ನೆನೆದು ಅವರ ಕಣ್ಣು ತುಂಬಿತು. ಆಮೇಲೆ ಎಲ್ಲರೂ ಬುತ್ತಿ ಬಿಚ್ಚಿದರು. ಮುದ್ದು ಅಕ್ಕಿಯುಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ ತಂದ ಪುಂಡಿ ಮೊದಲು ಖಾಲಿಯಾಯಿತು.

ಅಲ್ಲಿಂದ ಮುಂದೆ ಪ್ರತಿ ವರ್ಷ ಪ್ರವಾಸ, ಮುದ್ದುವೂ ಜೊತೆಗೆ. ಕಾರ್ಕಳದ ಗೊಮ್ಮಟ, ಆಗುಂಬೆಯ ಸೂರ್ಯಾಸ್ತ, ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡಿದ ದ್ವೀಪ. ಎತ್ತರದ ಭಯ ಬಾಯಿಯನ್ನು ಪೂರ್ತಿ ಬಿಡಲಿಲ್ಲ. ಅವರೂ ಹತ್ತುವುದನ್ನು ಬಿಡಲಿಲ್ಲ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸು ನಿಂತಾಗ ನೇತ್ರಾವತಿಯಲ್ಲಿ ದೋಣಿ ಗೊತ್ತುಮಾಡಿದರು. ಆ ಬೆಳಿಗ್ಗೆ ಛತ್ರಿ ಹಿಡಿದು ಎಲ್ಲರಿಗಿಂತ ಮೊದಲು ದಡಕ್ಕೆ ಬಂದು ನಿಂತಿದ್ದವನು ಗ್ರೆಗರಿ.

"ನೀನೆಂತ ಇಲ್ಲಿ?" ಎಂದರು ಬಾಯಿ.

"ಬುತ್ತಿ ಹೊರ್ಲಿಕ್ಕೆ ಜನ ಬೇಕಲ್ಲ," ಎಂದು ಅವನು ದೋಣಿ ಹತ್ತಿ, ಮುದ್ದುವಿಗೆ ಜಾಗ ಬಿಟ್ಟು ಕುಳಿತ.